ನೀರಿನೊಳಗಿನ ಟವರ್

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ಟವರ್ ಹತ್ತುವಾಗ ಭಯವಾಗುತ್ತಿರಲಿಲ್ಲವೇ ಎಂದು. ಆಗುತ್ತಿತ್ತು. ಭಯವೇ ಆಗದವರನ್ನು ನಾನು ಹತ್ತಲು ಬಿಡುತ್ತಿರಲಿಲ್ಲ. ಆದರೆ ಎತ್ತರದ ಭಯ ಕೆಲವು ತಿಂಗಳಲ್ಲಿ ಪಳಗುತ್ತದೆ. ನಿವೃತ್ತಿಯವರೆಗೂ ನನಗೆ ಪಳಗದೆ ಉಳಿದದ್ದು ಇನ್ನೊಂದು. ಟವರಿನ ಮೇಲೆ ಕೂರಿಸಿದ ತಟ್ಟೆಯಂಥ ಡಿಶ್ಶಿನ ಮುಂದೆ ಏನೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ, ಕೈಚಾಚಿದರೆ ಬರೀ ಗಾಳಿ. ಆದರೂ ಹತ್ತಾರು ಹಳ್ಳಿಗಳ ಜಗಳ, ಪ್ರೀತಿ, ಸಾವಿನ ಸುದ್ದಿ, ಹೊಗೆಸೊಪ್ಪಿನ ಹರಾಜಿನ ದರ ಎಲ್ಲವೂ ಅದೇ ಗಾಳಿಯಲ್ಲಿ ಹಾದುಹೋಗುತ್ತಿರುತ್ತವೆ. ಇಷ್ಟು ವರ್ಷ ಕೆಲಸ ಮಾಡಿಯೂ ಇದು ನನಗೆ ಮಾಮೂಲಿ ಎನಿಸಲಿಲ್ಲ.

ನಾನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ದೂರವಾಣಿ ತಂತ್ರಜ್ಞನಾಗಿದ್ದವನು. ಬಡ್ತಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೈಯಿಲ್ಲದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಬಂತು, ಅಷ್ಟೆ. ಹೇಳಲೇಬೇಕಾದದ್ದು ಕಬಿನಿ ಹಿನ್ನೀರಿನ ಆಚೆ ದಡದ ಒಂದು ಊರಿನ ಕಥೆ. ಅಲ್ಲಿ ದಿನಾ ಬೆಳಿಗ್ಗೆ ಫೋನು ಸಾಯುತ್ತಿತ್ತು. ಅದೇ ಊರಿನಲ್ಲಿ ಸಾಕಮ್ಮ ಎಂಬ ಆಶಾ ಕಾರ್ಯಕರ್ತೆಯ ಮಗಳು ಚೊಚ್ಚಲ ಹೆರಿಗೆಗೆ ಬಂದು ಕೂತಿದ್ದಳು. ಆಂಬುಲೆನ್ಸ್ ಬರಬೇಕಾದರೆ ಫೋನು ಹೋಗಬೇಕು. ಫೋನು ಹೋಗಬೇಕಾದರೆ ನಮ್ಮ ಅಲೆ ನೀರು ದಾಟಬೇಕು.

ಅಲ್ಲಿಗೆ ಹೋಗುವ ಮೊದಲು ಅಲೆ ಎಂದರೇನು ಎಂಬುದನ್ನು ನನಗೆ ತಿಳಿದ ಹಾಗೆ ಹೇಳಿಬಿಡುತ್ತೇನೆ. ಹುಣಸೂರಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬಾಗಿಲಲ್ಲಿ ನಿಂತವರಿಗೆ ಗೊತ್ತು, ಒಲೆಯನ್ನು ಮುಟ್ಟದೆಯೇ ಮುಖ ಕಾಯುತ್ತದೆ. ಆ ಕಾವು ಒಂದು ಅಲೆ. ಒಲೆಯ ಕೆಂಪು ಬಣ್ಣ ಇನ್ನೊಂದು ಅಲೆ. ಟವರಿನ ಮೇಲೆ ಮಧ್ಯಾಹ್ನವೆಲ್ಲ ಕೂತು ಕೆಲಸ ಮಾಡಿದಾಗ ಕುತ್ತಿಗೆಯ ಚರ್ಮ ಸುಲಿಯುವಂತೆ ಮಾಡುವ ಬಿಸಿಲಿನ ನೇರಳಾತೀತ ಕಿರಣ ಮತ್ತೊಂದು. ಆಸ್ಪತ್ರೆಯ ಎಕ್ಸ್‌ರೇ, ಕ್ಯಾನ್ಸರ್ ಗಡ್ಡೆಗೆ ಹಾಯಿಸುವ ಗಾಮಾ ಕಿರಣ, ಅಡುಗೆಮನೆಯ ರೇಡಿಯೋ, ನಮ್ಮ ಡಿಶ್ಶಿನ ಮೈಕ್ರೋವೇವ್ ಎಲ್ಲವೂ ಒಂದೇ ವಂಶ. ಎಲ್ಲದರ ವೇಗವೂ ಒಂದೇ. ವ್ಯತ್ಯಾಸವಿರುವುದು ಅಲೆಯ ಉದ್ದದಲ್ಲಿ. ರೇಡಿಯೋದ್ದು ಹೊಲದಷ್ಟು ಉದ್ದವೂ ಇರಬಹುದು, ನಮ್ಮದು ಎರಡು ಬೆರಳಗಲ, ಬೆಳಕಿನದು ಕಣ್ಣಿಗೆ ಅಳೆಯಲಾಗದಷ್ಟು ಗಿಡ್ಡ, ಎಕ್ಸ್‌ರೇಯದು ಅದಕ್ಕಿಂತಲೂ ಗಿಡ್ಡ. ಇಷ್ಟು ದೊಡ್ಡ ಸಂಸಾರದಲ್ಲಿ ನಮ್ಮ ಕಣ್ಣು ಗುರುತು ಹಿಡಿಯುವುದು ಬೆಳಕು ಎಂಬ ಒಬ್ಬನನ್ನು ಮಾತ್ರ. ಉಳಿದವರೆಲ್ಲ ನಮ್ಮ ಮನೆಯೊಳಗೇ ಓಡಾಡಿಕೊಂಡಿದ್ದರೂ ನಮಗೆ ಸುಳಿವಿಲ್ಲ. ತರಬೇತಿಯಲ್ಲಿ ಇದನ್ನು ಮೊದಲು ಕೇಳಿದ ದಿನ ನನಗೆ ಊಟ ಸೇರಿರಲಿಲ್ಲ.

ಜನರಿಗೆ ಭಯವಿರುವುದು ಈ ಕಾಣದವರದ್ದೇ. ಪಿರಿಯಾಪಟ್ಟಣದ ಹತ್ತಿರ ಒಂದು ಊರಿನವರು ಟವರ್ ಬೇಡವೆಂದು ಗೇಟಿಗೆ ಬೀಗ ಜಡಿದಿದ್ದರು. ವಿಕಿರಣ ಅಳೆದು ತೋರಿಸೋಣವೆಂದು ನಮ್ಮ ಇಂಜಿನಿಯರ್ ಪುಟ್ಟಸ್ವಾಮಯ್ಯನವರು ನನ್ನನ್ನು ಕರೆದುಕೊಂಡು ಹೋದರು. ಮಾತು ಕಡಿಮೆ, ಸಿಡುಕು ಜಾಸ್ತಿ, ಆದರೆ ಕೆಲಸದಲ್ಲಿ ಚೊಕ್ಕ ಮನುಷ್ಯ. ಊರವರೆಲ್ಲ ಸುತ್ತ ನಿಂತಿದ್ದಾರೆ, ಮೀಟರಿನ ಮುಳ್ಳು ಅಲ್ಲಾಡದೆ ಮಲಗಿದೆ. ಸಾಹೇಬರು ಗಂಟಲು ಸರಿಮಾಡಿಕೊಂಡು, "ನೋಡಿ, ಏನೂ ಇಲ್ಲ" ಎನ್ನುವುದಕ್ಕೂ ಮುಳ್ಳು ಛಂಗನೆ ಮೇಲೆ ಹಾರುವುದಕ್ಕೂ ಸರಿಹೋಯಿತು.

"ಅಯ್ಯಯ್ಯೋ, ನೋಡ್ರಲಾ, ಎಂಗ್ ಏರ್ತು!" ಎಂದು ಒಬ್ಬ ಮುದುಕ ಕೂಗಿಕೊಂಡ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹಿಂದಕ್ಕೆ ಸರಿದರು. ಆಮೇಲೆ ಸಾಹೇಬರ ಶರ್ಟಿನ ಜೇಬು ಗುಂಯ್‌ಗುಡುವುದು ಕೇಳಿಸಿತು. ಅವರ ಮನೆಯಾಕೆಯ ಫೋನು.

ಬೇರೆಯವರಾಗಿದ್ದರೆ ಜೇಬು ಮುಚ್ಚಿಕೊಂಡು ಜೀಪು ಹತ್ತುತ್ತಿದ್ದರು. ಪುಟ್ಟಸ್ವಾಮಯ್ಯನವರು ಫೋನನ್ನು ಹೊರತೆಗೆದು ಎಲ್ಲರಿಗೂ ತೋರಿಸಿ, ಆಫ್ ಮಾಡಿ, ಮುಳ್ಳು ಮಲಗುವುದನ್ನು ತೋರಿಸಿದರು. ಆಮೇಲೆ ಆ ಮುದುಕನ ಜೇಬಿನ ಫೋನಿಗೇ ಕರೆ ಮಾಡಿಸಿ, ಮುಳ್ಳು ಮತ್ತೆ ಎದ್ದು ನಿಲ್ಲುವುದನ್ನು ತೋರಿಸಿದರು. "ಟವರ್ ಅಷ್ಟು ದೂರ ಇದೆ, ಇದು ನಿಮ್ಮ ಎದೆ ಮೇಲೇ ಇದೆ. ಎರಡೂ ಮಿತಿ ಒಳಗೇ ಇವೆ. ಈ ಅಲೆ ಹೆಚ್ಚಾದರೆ ಮೈ ಬೆಚ್ಚಗಾಗುತ್ತೆ. ಎಕ್ಸ್‌ರೇ ಬೇರೆ, ಅದು ಮೈಯೊಳಗಿನ ಅಣುಗಳನ್ನೇ ಒಡೆಯುವಷ್ಟು ಚೂಪು. ಅದಕ್ಕೇ ಅಲ್ಲಿ ಸೀಸದ ಅಂಗಿ ಹಾಕ್ಕೊಳ್ಳೋದು" ಎಂದರು. ಗೇಟಿನ ಬೀಗ ಅವತ್ತೇ ತೆಗೆಯಲಿಲ್ಲ. ಆದರೆ ಆ ಮುದುಕ ನಮಗೆ ಕಾಫಿ ತರಿಸಿಕೊಟ್ಟ.

ಈಗ ಹಿನ್ನೀರಿಗೆ ಬರುತ್ತೇನೆ. ಬೀಚನಹಳ್ಳಿ ಅಣೆಕಟ್ಟಿಗೆ ಹೋಗುವ ರಸ್ತೆಯ ಪಕ್ಕದ ದಿಬ್ಬದ ಮೇಲೆ ನಮ್ಮದೊಂದು ಟವರ್. ಅದರೆದುರು, ಹಿನ್ನೀರಿನ ಒಂದು ತೋಳಿನ ಆಚೆ, ಸಾಕಮ್ಮನ ಊರಿನ ಟವರ್. ಆ ಊರಿನ ಮಾತೆಲ್ಲ ಡಿಶ್ಶಿನಿಂದ ಡಿಶ್ಶಿಗೆ ನೀರಿನ ಮೇಲೆ ಹಾರಿ ಬಂದು ನಮ್ಮ ದಿಬ್ಬ ಸೇರಿ, ಅಲ್ಲಿಂದ ನೆಲದೊಳಗಿನ ಕೇಬಲ್ ಹಿಡಿದು ಎಚ್.ಡಿ. ಕೋಟೆಗೆ ಹೋಗಬೇಕು. ಆ ದಡದಲ್ಲಿ ಬೇರೆ ಯಾವ ಕಂಪನಿಯ ಸಿಗ್ನಲ್ಲೂ ಇರಲಿಲ್ಲ.

ಬೇಸಿಗೆಯಲ್ಲಿ ಹಾಕಿದ ಟವರ್ ಅದು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಮಳೆಗಾಲ ಶುರುವಾಗಿ ನೀರು ತುಂಬಿದ ಮೇಲೆ ದೂರು ಬರತೊಡಗಿತು. ಬೆಳಕು ಹರಿಯುವ ಹೊತ್ತಿಗೆ ಫೋನು ಸತ್ತು, ಬಿಸಿಲೇರಿದ ಮೇಲೆ ತಾನೇ ಬದುಕುತ್ತದೆ. ನಾವು ಎದ್ದೆವೋ ಬಿದ್ದೆವೋ ಎಂದು ಹುಣಸೂರಿನಿಂದ ಹೊರಟು, ಹಂಪಾಪುರದಲ್ಲಿ ಇಡ್ಲಿ ತಿಂದು, ಅಣೆಕಟ್ಟು ಬಳಸಿ ಆ ಊರು ಮುಟ್ಟುವಾಗ ಮಧ್ಯಾಹ್ನ. ಆಗ ಮೀಟರು ಹಾಕಿದರೆ ಎಲ್ಲ ಭೇಷಾಗಿರುತ್ತಿತ್ತು. ಬೆಳಿಗ್ಗೆ ಕರೆಂಟ್ ಹೋಗುತ್ತದೆ, ಬ್ಯಾಟರಿ ಸೊರಗಿದೆ ಎಂದುಕೊಂಡು ಬ್ಯಾಟರಿ ಬದಲಾಯಿಸಿದೆವು. ಆಮೇಲೆ ಯಂತ್ರದೊಳಗಿನ ಸರ್ಕ್ಯೂಟ್ ಕಾರ್ಡು ಬದಲಾಯಿಸಿದೆವು. ಆಮೇಲೆ ಡಿಶ್ಶಿನ ಹಿಂದಿನ ರೇಡಿಯೋ ಡಬ್ಬಿಯನ್ನೇ ಬದಲಾಯಿಸಿದೆವು. ರೋಗವೇನೆಂದು ತಿಳಿಯದ ವೈದ್ಯರು ಇದ್ದ ಗುಳಿಗೆಯನ್ನೆಲ್ಲ ನುಂಗಿಸುವ ಹಾಗೆ.

ಮೂರನೆಯ ಸಲ ಹೋದಾಗ ಒಬ್ಬ ಹೆಂಗಸು ಟವರಿನ ಬುಡಕ್ಕೇ ಬಂದರು. ಆಶಾ ಕಾರ್ಯಕರ್ತೆಯರ ಗುಲಾಬಿ ಬಣ್ಣದ ಸೀರೆ, ಕಂಕುಳಲ್ಲಿ ಚೀಲ.

"ಏನ್ ಸಾ, ಸರ್ಯಾಯ್ತಾ?"

"ಆಗಿದೆಯಲ್ಲಮ್ಮ, ಚೆನ್ನಾಗೇ ಬರ್ತಿದೆ" ಎಂದೆ.

"ನೀವ್ ಬರೋದೇ ಅದು ಸರ್ಯಾದ್ಮೇಲೆ ಕಣ್ರೀ. ಒಂದಿನ ಒತ್ತಾರೆ ಬನ್ನಿ, ಗೊತ್ತಾಯ್ತದೆ. ಓದ್ ತಿಂಗ್ಳು ನಮ್ಮೂರ್ ಹುಡ್ಗಿಗೆ ಕೋಳಿ ಕೂಗೋ ಒತ್ಗೆ ನೋವ್ ಬಂತು. ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ, ಮಾಡ್ತೀನಿ, ಓಗ್ದು. ಕೊನೆಗೆ ಗೂಡ್ಸ್ ಆಟೋದಲ್ಲಿ ಮಲಗ್ಸ್ಕೊಂಡು ಓದೋ. ದಾರೀಲೇ ಮಗ ಓಯ್ತು."

ಅದೇ ಸಾಕಮ್ಮ. ಅತ್ತು ಹೇಳಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲವೇನೋ. ಲಸಿಕೆಯ ದಿನ ತಿಳಿಸುವ ಧ್ವನಿಯಲ್ಲೇ ಹೇಳಿದರು. ಆಮೇಲೆ, ತಮ್ಮ ಮಗಳು ಕಾವ್ಯ ಗಂಡನ ಮನೆಯಿಂದ ಬಂದಿದ್ದಾಳೆಂದೂ ಬರುವ ತಿಂಗಳು ದಿನ ತುಂಬುತ್ತದೆಂದೂ ಹೇಳಿದರು. ನಾನು ತಿಳಿದವನ ಹಾಗೆ, ಆಕೆಯನ್ನು ಮೊದಲೇ ಕೋಟೆಗೆ ಕರೆದುಕೊಂಡು ಹೋಗಿ ಯಾರಾದರೂ ನೆಂಟರ ಮನೆಯಲ್ಲಿ ಇರಿಸಬಾರದೇ ಎಂದೆ.

ಸಾಕಮ್ಮ ನನ್ನನ್ನೇ ನೋಡಿದರು. "ಓಗ್ಬೋದು ಸಾ. ನಮ್ಮಣ್ಣನ ಮನೆ ಅಲ್ಲೇ ಐತೆ. ಆದ್ರೆ ಈ ಊರಲ್ಲಿ ಇನ್ನೂ ಬಸುರೀರು ಅವ್ರೆ. ಮನೇಲಿ ಹೆರ್ಬೇಡಿ, ಫೋನ್ ಮಾಡಿ, ಗಾಡಿ ಬತ್ತದೆ ಅಂತ ಮನೆಮನೆಗೆ ಓಗಿ ಹೇಳ್ದೋಳು ನಾನು. ನನ್ ಮಗಳನ್ ಮಾತ್ರ ಮೆಲ್ಲಗೆ ಸಾಗಾಕ್ಬುಟ್ರೆ, ನಾಳಿಂದ ಯಾವ್ ಬಾಗ್ಲಿಗೆ ಓಗ್ಲಿ? ಅವ್ಳು ಇಲ್ಲೇ ಇರ್ತಾಳೆ. ನೀವು ಫೋನ್ ಸರಿ ಮಾಡಿ."

ಹಿಂತಿರುಗುವಾಗ ಜೀಪಿನಲ್ಲಿ ನನ್ನ ಜೊತೆಗಿದ್ದವನು ನಜೀರ್. ಟವರ್ ಹತ್ತಿ ಡಿಶ್ ಕಟ್ಟುವ ರಿಗ್ಗರ್, ಹುಣಸೂರಿನ ವೆಲ್ಡಿಂಗ್ ಅಂಗಡಿಯ ಮನೆತನದವನು, ಟವರ್ ಮೇಲೆ ಹಾಡಿಕೊಂಡೇ ಕೆಲಸ ಮಾಡುವವನು. ಹಂಪಾಪುರ ದಾಟಿದ ಮೇಲೆ, "ಸಾರ್, ಒಂದಿನ ಮುಂಜಾನೆ ಮೇಲೇ ಇರೋಣ. ಆ ಯಮ್ಮ ಹೇಳಿದ್ದು ಸರಿಯಾಗೈತೆ" ಎಂದ.

ಹಾಗೆ ಒಂದು ಬೆಳಿಗ್ಗೆ, ಬೆಳಕು ಮೂಡುವ ಹೊತ್ತಿಗೆ ನಾವಿಬ್ಬರೂ ದಿಬ್ಬದ ಟವರಿನ ಮೇಲಿದ್ದೆವು. ಗಾಳಿಯಿಲ್ಲ. ಹಿನ್ನೀರು ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ರೇಡಿಯೋ ಡಬ್ಬಿಗೆ ಮೀಟರ್ ಸಿಕ್ಕಿಸಿ ನೋಡುತ್ತಿದ್ದೆ. ಸಿಗ್ನಲ್ ಮೆಲ್ಲಗೆ ಇಳಿಯತೊಡಗಿತು. ಯಾರೋ ನಲ್ಲಿಯನ್ನು ತಿರುಗಿಸಿ ಮುಚ್ಚುತ್ತಿರುವ ಹಾಗೆ ಇಳಿಯಿತು, ಇಳಿಯಿತು, ನಿಂತೇಹೋಯಿತು. ಕರೆಂಟ್ ಇದೆ, ಬ್ಯಾಟರಿ ಇದೆ, ಡಿಶ್ ನೇರವಾಗಿದೆ, ಎದುರಿನ ಟವರ್ ಕಣ್ಣಿಗೆ ಕಾಣುತ್ತಿದೆ. ಆದರೂ ಅಲೆ ಬರುತ್ತಿಲ್ಲ.

ಆಗ ಸೂರ್ಯ ಹುಟ್ಟಿದ. ಎದುರು ದಡದ ಟವರಿಗೆ ಎಳೆಬಿಸಿಲು ಬಿದ್ದು ಅದು ಫಳಫಳ ಹೊಳೆಯಿತು. ಅದರ ಬುಡದಲ್ಲಿ, ನೀರಿನೊಳಗೆ, ತಲೆಕೆಳಗಾಗಿ ಇನ್ನೊಂದು ಟವರ್ ಅಷ್ಟೇ ಫಳಫಳ ಹೊಳೆಯಿತು. ಅದೇ ಕಂಬಿ, ಅದೇ ಬಿಳಿ ಡಿಶ್, ಒಂದು ಗೆರೆಯೂ ವ್ಯತ್ಯಾಸವಿಲ್ಲ. ಎರಡು ಡಿಶ್‌ಗಳೂ ನನ್ನನ್ನೇ ನೋಡುತ್ತಿದ್ದವು.

ಸುಳ್ಳು ಹೇಳಬಾರದು, ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ಕಾಣಬಾರದ್ದೇನನ್ನೋ ಕಂಡೆ ಎನಿಸಿತು. ಈಚೆ ದಡದಲ್ಲಿದ್ದ ನನ್ನ ಮೊಬೈಲಿಗೆ ಕೋಟೆಯ ಕಡೆಯ ಸಿಗ್ನಲ್ ಇತ್ತು. ಅಲ್ಲಿಂದಲೇ ಪುಟ್ಟಸ್ವಾಮಯ್ಯನವರಿಗೆ ಫೋನು ಮಾಡಿ, "ಸಾರ್, ಲಿಂಕ್ ಸತ್ತಿದೆ. ಮತ್ತೆ ಇಲ್ಲಿ ನೀರಿನಲ್ಲಿ ಇನ್ನೊಂದು ಟವರ್ ಕಾಣ್ತಿದೆ" ಎಂದೆ.

ಬೆಳಗಾಗೆದ್ದು ಇದೇನು ಕುಡಿದಿದ್ದಾನೋ ಎಂದುಕೊಂಡರೇನೋ ಎಂದು ನಾನು ಹೆದರುತ್ತಿದ್ದರೆ, ಅವರು ಇದ್ದಕ್ಕಿದ್ದಂತೆ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಯ್ಯೋ ಕರ್ಮವೇ. ಸರ್ವೆ ಮಾಡಿದ್ದು ಬೇಸಿಗೇಲಿ ಕಣಯ್ಯ! ನಾನೇ ನಿಂತು ಮಾಡಿಸಿದ್ದು. ಅಲ್ಲಿ ನೀರೆಲ್ಲಿತ್ತು? ದನ ಮೇಯ್ತಿದ್ವು!"

ಕಬಿನಿ ಹಿನ್ನೀರನ್ನು ಕಂಡವರಿಗೆ ಇದು ತಕ್ಷಣ ತಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಆ ತೋಳೆಲ್ಲ ಹಸಿರು ಹುಲ್ಲುಗಾವಲಾಗುತ್ತದೆ. ಹಗಲು ದನ, ಸಂಜೆ ಆನೆ. ಆ ಹುಲ್ಲಿನ ಮೇಲೆ ಬಿದ್ದ ಅಲೆ ಚೆಲ್ಲಾಪಿಲ್ಲಿಯಾಗುತ್ತದೆ, ತೊಂದರೆಯಿಲ್ಲ. ಮಳೆಗಾಲದಲ್ಲಿ ಅದೇ ಜಾಗ ಕನ್ನಡಿ. ಆಚೆ ಡಿಶ್ಶಿನಿಂದ ಹೊರಟ ಅಲೆ ನೇರವಾಗಿಯೂ ಬರುತ್ತದೆ, ನೀರಿಗೆ ತಾಗಿ ಪುಟಿದೂ ಬರುತ್ತದೆ. ಕೆ.ಆರ್. ನಗರದ ನಮ್ಮೂರಿನ ನಾಲೆಯಲ್ಲಿ ನಾವು ಚಿಕ್ಕಂದಿನಲ್ಲಿ ಎರಡು ಕಲ್ಲು ಒಟ್ಟಿಗೆ ಎಸೆದು ಆಡುತ್ತಿದ್ದೆವು. ಒಂದರ ಅಲೆಯ ಏರು ಇನ್ನೊಂದರ ಅಲೆಯ ಇಳಿತಕ್ಕೆ ಸಿಕ್ಕ ಕಡೆ ನೀರು ಏಳುವುದೂ ಇಲ್ಲ, ಬೀಳುವುದೂ ಇಲ್ಲ, ಸಪಾಟಾಗಿ ನಿಂತುಬಿಡುತ್ತದೆ. ನಮ್ಮ ಡಿಶ್ ಇದ್ದದ್ದು ಸರಿಯಾಗಿ ಅಂಥ ಜಾಗದಲ್ಲಿ. ಗಾಳಿ ಎದ್ದು ನೀರು ಸುಕ್ಕುಗಟ್ಟಿದರೆ ಕನ್ನಡಿ ಒಡೆದು ಫೋನು ಬದುಕುತ್ತಿತ್ತು. ನಾವು ಬರುತ್ತಿದ್ದುದು ಗಾಳಿ ಎದ್ದ ಮೇಲೆ. ಬೆಳಕೂ ನಮ್ಮ ಮೈಕ್ರೋವೇವೂ ಒಂದೇ ವಂಶ ಎಂದು ಎಷ್ಟೋ ಜನರಿಗೆ ಪಾಠ ಹೇಳಿದ್ದ ನಾನು, ಅದು ನಿಜವೆಂದು ಅವತ್ತು ನಂಬಿದೆ.

ಇದಕ್ಕೆ ಮದ್ದು ಇದೆ. ಒಂದೇ ಟವರಿಗೆ ಎತ್ತರ ತಗ್ಗಿನಲ್ಲಿ ಎರಡು ಡಿಶ್ ಹಾಕಬೇಕು. ಒಂದು ಕುರುಡಾದಾಗ ಇನ್ನೊಂದಕ್ಕೆ ಕಣ್ಣಿರುತ್ತದೆ. ಪುಟ್ಟಸ್ವಾಮಯ್ಯನವರು ಅವತ್ತೇ ಮೇಲಿನವರಿಗೆ ಬರೆದರು. ತಪ್ಪು ಸರ್ವೆ ತಮ್ಮದೇ ಎಂದೂ ಸೇರಿಸಿದರು. ಆದರೆ ಮಂಜೂರಾಗಿ ಡಿಶ್ ಬರುವುದು ಯಾವ ಕಾಲಕ್ಕೋ. ಕಾವ್ಯಳ ಹೊಟ್ಟೆಯೊಳಗಿನ ಮಗು ಮಂಜೂರಾತಿಗೆ ಕಾಯುತ್ತದೆಯೇ?

ಅಲ್ಲಿಯವರೆಗೆ ಏನು ಮಾಡುವುದೆಂದು ಲೆಕ್ಕ ಹಾಕಿದವರೂ ಅವರೇ. ಇರುವ ಡಿಶ್ಶನ್ನೇ ಒಂದಾಳುದ್ದ ಮೇಲೆ ಅಥವಾ ಕೆಳಗೆ ಸರಿಸಿದರೆ, ಅಲೆಗಳು ಹೊಡೆದಾಡುವ ಜಾಗ ತಪ್ಪಿ ಕೈಜೋಡಿಸುವ ಜಾಗ ಸಿಗುತ್ತದೆ. ಆದರೆ ಹಿನ್ನೀರು ಸೊಂಟದೆತ್ತರ ಏರಿದರೆ ಅಥವಾ ಇಳಿದರೆ ಲೆಕ್ಕವೆಲ್ಲ ತಿರುಗಾಮುರುಗಾ. ಅಂದರೆ ನೀರು ಹೇಗೆ ಕುಣಿಸುತ್ತದೋ ಹಾಗೆ ಡಿಶ್ ಕುಣಿಯಬೇಕು. ನಜೀರ್ ತನ್ನ ಅಣ್ಣನ ಅಂಗಡಿಯಲ್ಲಿ ಕೂತು, ಡಿಶ್ಶನ್ನು ಹಿಡಿದು ಕಂಬದ ಮೇಲೆ ಜಾರುವ ಒಂದು ಕ್ಲಾಂಪ್ ವೆಲ್ಡ್ ಮಾಡಿಕೊಂಡು ಬಂದ. "ಇಲಾಖೆ ಇತಿಹಾಸದಲ್ಲೇ ಇಂಥಾದ್ದು ಇರಲ್ಲ ಸಾರ್, ಕೆರೆ ನೋಡ್ಕೊಂಡು ಏಣಿ ಹತ್ತೋ ನೌಕ್ರಿ!" ಎಂದು ನಗುತ್ತಿದ್ದ. ಬೀಚನಹಳ್ಳಿಯ ನೀರಾವರಿ ನೌಕರರೊಬ್ಬರು ದಿನಾ ಸಂಜೆ ನೀರಿನ ಮಟ್ಟ ಹೇಳುತ್ತಿದ್ದರು. ಸಾಹೇಬರು ಲೆಕ್ಕ ಹಾಕಿ ಡಿಶ್ ಎಲ್ಲಿರಬೇಕೆಂದು ತಿಳಿಸುತ್ತಿದ್ದರು. ನಾವಿಬ್ಬರೂ ಹತ್ತಿ ಸರಿಸುತ್ತಿದ್ದೆವು. ಬೆಳಗಿನ ಫೋನು ಬದುಕಿತು. ಸಾಕಮ್ಮ ದಿನಾ ಎದ್ದ ಕೂಡಲೇ ನನಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದರು, ಪರೀಕ್ಷೆಗೆ.

ಒಂದು ಸಂಜೆ ಆ ನೀರಾವರಿಯವರು ಗಾಬರಿಯಿಂದ ಫೋನು ಮಾಡಿದರು. "ವಯನಾಡಲ್ಲಿ ಬೋ ಮಳೆ ಅಂತೆ ಕಣ್ರೀ. ನೀರು ಒಂದೇ ಸಮ್ನೆ ಏರ್ತಾ ಐತೆ. ಬೆಳಗಾಗೋ ಒತ್ಗೆ ಎಲ್ಲಿಗ್ ಬತ್ತದೋ ಹೇಳಕ್ಕಾಗಲ್ಲ." ಸಾಹೇಬರು ಲೆಕ್ಕ ಹಾಕಿ, ಬೆಳಗಿನ ಹೊತ್ತಿಗೆ ಕೆಟ್ಟ ಮಟ್ಟದ ಆಸುಪಾಸಿಗೇ ಬರುತ್ತದೆ, ಆದರೆ ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಯದೆ ಡಿಶ್ ಎಲ್ಲಿಗೆಂದು ಈಗಲೇ ಹೇಳಲಾಗದು, ಬೆಳಿಗ್ಗೆ ಮೇಲೆಯೇ ನಿಂತು ಮೀಟರ್ ನೋಡಿ ಸರಿಸಿ ಎಂದರು. ಕಾವ್ಯಳಿಗೆ ಆಗಲೇ ದಿನ ತುಂಬಿತ್ತು.

ಮರುದಿನ ಬೆಳಕು ಬಿಡುವಷ್ಟರಲ್ಲಿ ನಜೀರ್ ಮತ್ತು ನಾನು ಟವರಿನ ಮೇಲಿದ್ದೆವು. ನಮ್ಮ ಕಡೆ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ನೀರು ಹಿಂದೆಂದೂ ಕಾಣದಷ್ಟು ಮೇಲೆ ಬಂದು, ಹಿಂದೆಂದೂ ಕಾಣದಷ್ಟು ನಿಶ್ಚಲವಾಗಿತ್ತು. ತಲೆಕೆಳಗಾದ ಟವರ್ ಎಷ್ಟು ಸ್ಪಷ್ಟವಾಗಿತ್ತೆಂದರೆ, ಯಾವುದು ನಿಜದ್ದೆಂದು ಒಂದು ಗಳಿಗೆ ಅನುಮಾನ ಬಂತು. ನನಗೆ ಅದು ಶತ್ರುವಿನ ಹಾಗೆ ಕಾಣಬೇಕಿತ್ತು. ಆದರೆ ಕೈ ಮುಗಿಯಬೇಕೆನಿಸಿತು. ಮೀಟರ್ ನೋಡಿದರೆ ಸಿಗ್ನಲ್ ಸತ್ತು ಮಲಗಿತ್ತು. ಸಾಕಮ್ಮನ ಮಿಸ್ಡ್ ಕಾಲ್ ಬಂದಿರಲಿಲ್ಲ.

ಕ್ಲಾಂಪಿನ ಬೋಲ್ಟು ರಾತ್ರಿಯ ಇಬ್ಬನಿಗೆ ಬಿಗಿದುಕೊಂಡಿತ್ತು. ನಜೀರ್ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದ, ಜಾರಿ ಮೊಣಕೈ ತರಚಿಕೊಂಡ, ಬೈದುಕೊಂಡ, ಮತ್ತೆ ಎಳೆದ. ಕೊನೆಗೆ ಅದು ಕಿರ್ರೆಂದು ಸಡಿಲವಾಯಿತು. ಡಿಶ್ಶನ್ನು ಇಬ್ಬರೂ ಹೆಗಲು ಕೊಟ್ಟು ಇಷ್ಟಿಷ್ಟೇ ಕೆಳಕ್ಕೆ ಇಳಿಸಿದೆವು. ಮೀಟರ್ ಅಲ್ಲಾಡಲಿಲ್ಲ. ಇನ್ನಷ್ಟು ಇಳಿಸಿದೆವು. ಆಮೇಲೆ ಒಂದು ಜಾಗದಲ್ಲಿ ಮುಳ್ಳು ನಡುಗಿತು, ಎದ್ದಿತು, ನಿಂತಿತು. "ಬಸ್ ಬಸ್! ಅಲ್ಲೇ ಬುಡಿ ಸಾರ್!" ಎಂದು ನಜೀರ್ ಕೂಗಿ ಬೋಲ್ಟು ಬಿಗಿದ.

ನಾನು ಡಿಶ್ಶಿನ ಬೆನ್ನಿಗೆ ಭುಜ ಒರಗಿಸಿ ಉಸಿರು ಬಿಟ್ಟೆ. ಕೈಗೆಲ್ಲ ಗ್ರೀಸು. ಕೆಳಗಿಳಿದು ಎಲ್ಲಿ ಟೀ ಕುಡಿಯೋಣ ಎಂದು ಮಾತಾಡಿದೆವು. ಅಣೆಕಟ್ಟಿನ ಗೇಟಿನ ಹತ್ತಿರದ ಅಂಗಡಿಯ ಟೀ ನೀರಾಗಿರುತ್ತದೆ, ಹಂಪಾಪುರಕ್ಕೇ ಹೋಗೋಣ ಎಂದು ನಾನು, ಅಷ್ಟು ದೂರ ತಡೆಯಲಾಗದು ಎಂದು ಅವನು. ಹೀಗೇ ಸಾಮಾನು ಜೋಡಿಸುತ್ತ ಬಹಳ ಹೊತ್ತು ವಾದ ಮಾಡಿದೆವು.

ಕೆಳಗೆ ರಸ್ತೆಯಲ್ಲಿ ಸದ್ದಾಯಿತು. ಕೋಟೆಯ ಕಡೆಯಿಂದ ಆಂಬುಲೆನ್ಸೊಂದು ಮೇಲಿನ ದೀಪ ತಿರುಗಿಸಿಕೊಂಡು, ನಮ್ಮ ಕಾಲ ಕೆಳಗೇ ಹಾದು, ಅಣೆಕಟ್ಟಿನ ಕಡೆ ಓಡಿತು. ನಜೀರ್ ನನ್ನ ಮುಖ ನೋಡಿದ. ಅದು ಅಣೆಕಟ್ಟು ದಾಟಿ, ಆಚೆ ದಡದ ಮರಗಳ ನಡುವೆ ಮರೆಯಾಗುವವರೆಗೆ ಇಳಿಯದೆ ನಿಂತಿದ್ದೆವು.

ಮಧ್ಯಾಹ್ನ ಕೋಟೆಯ ಆಸ್ಪತ್ರೆಯಿಂದ ಸಾಕಮ್ಮನ ಫೋನು ಬಂತು. "ಹೆಣ್ಮಗ ಕಣ್ರೀ. ತಾಯಿ ಮಗ ಇಬ್ರೂ ಚೆನ್ನಾಗವ್ರೆ" ಎಂದರು. ಅಷ್ಟು ಗಟ್ಟಿ ಹೆಂಗಸು, ಆಗ ಅತ್ತುಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇನು. ಫೋನು ಸಲೀಸಾಗಿ ಹೋಯಿತೇ ಎಂದು ಕೇಳಿದೆ.

"ಎಲ್ಲೋಯ್ತು? ಒತ್ದೆ, ಓಗ್ಲಿಲ್ಲ. ಇನ್ನೊಂದ್ಸಲ ಒತ್ದೆ, ಓಗ್ಲಿಲ್ಲ. ಕೈಕಾಲೇ ಆಡ್ಲಿಲ್ಲ ಸಾ ನಂಗೆ. ಮನೆಯೋರು ಗೂಡ್ಸ್ ಆಟೋ ತರಕ್ಕೆ ಓಡಿದ್ರು. ಅಂಗೇ ಸುಮ್ನೆ ಮೂರ್ನೇ ಸಲ ಒತ್ದೆ ನೋಡಿ, ಹಲೋ ಅಂದ್ರು."

ಆ ಮೂರನೆಯ ಕರೆ ನೀರು ದಾಟಿ ಬಂದದ್ದು ನನ್ನ ಭುಜ ಒರಗಿದ್ದ ಅದೇ ಡಿಶ್ಶಿಗೆ. ಒಬ್ಬ ತಾಯಿ ಮಗಳ ಜೀವಕ್ಕಾಗಿ ಕೂಗಿದ ಕೂಗು ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ ಹಾದುಹೋಗಿದೆ. ನಾನು ಆಗ ಗೇಟಿನ ಹತ್ತಿರದ ಟೀ ನೀರಾಗಿರುತ್ತದೆ ಎಂದು ಹೇಳುತ್ತಿದ್ದೆ. ನನಗೆ ಏನೂ ಕೇಳಿಸಿರಲಿಲ್ಲ.